ಮೂರು ಗಾಲಿ, ಏಳು ಪಟ್ಟಿ

ಉತ್ತಮ್ ನಗರ ಈಸ್ಟ್ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ನಜಫ್‌ಗಢ ರಸ್ತೆಗೆ ಕಾಲಿಟ್ಟೊಡನೆ ಕಿವಿಗೆ ಬೀಳುವುದು ‘ಏಕ್ ಸವಾರಿ, ಬಸ್ ಏಕ್ ಸವಾರಿ’ ಎಂಬ ಕೂಗು. ಗಾಡಿ ತುಂಬಿದೆ, ಇನ್ನೊಬ್ಬರು ಬಂದರೆ ಹೊರಟೇಬಿಡುತ್ತದೆ ಎಂದು ಅದರ ಅರ್ಥ. ಆ ಒಬ್ಬರು ಹತ್ತಿದ ಮೇಲೂ ಕೂಗು ನಿಲ್ಲುವುದಿಲ್ಲ. ಮೇಲೆ ಬ್ಲೂ ಲೈನಿನ ರೈಲು ಗುಡುಗಿಕೊಂಡು ಹೋಗುತ್ತದೆ; ಕೆಳಗೆ ಕಂಬಗಳ ನೆರಳಲ್ಲಿ ಕೆಂಪು, ಹಸಿರು, ನೀಲಿ ಇ-ರಿಕ್ಷಾಗಳು ಮೂತಿಗೆ ಮೂತಿ ತಾಗಿಸಿ ನಿಂತಿರುತ್ತವೆ. ಒಂದನ್ನು ಮುಂದಿನಿಂದ ನೋಡಿ: ಹ್ಯಾಂಡಲ್, ಅದರ ಕೆಳಗೆ ಎರಡು ಕೊಳವೆಗಳ ಫೋರ್ಕು, ನಡುವೆ ಪುಟ್ಟ ಗಾಲಿ, ಮೇಲೊಂದು ಮಡ್‌ಗಾರ್ಡು. ಅಪ್ಪಟ ಮೋಟರ್ ಸೈಕಲ್ಲು. ಹಿಂದಿನಿಂದ ನೋಡಿ: ಉದ್ದದ ಅಚ್ಚು, ಎರಡು ಗಾಲಿ, ಪಟ್ಟಿಯ ಮೇಲೆ ಪಟ್ಟಿ ಪೇರಿಸಿದ ಸ್ಪ್ರಿಂಗು. ಅಪ್ಪಟ ಗಾಡಿ. ಈ ಎರಡು ಜಾತಿಗಳ ನಡುವಿನ ಜಗಳ ಕೊನೆಗೆ ತೀರ್ಮಾನವಾಗುವುದು ಪ್ರಯಾಣಿಕನ ಸೊಂಟದಲ್ಲಿ.

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುವ ಅಕ್ಟೋಬರ್ ತಿಂಗಳು ಇಲ್ಲಿನ ಗ್ಯಾರೇಜುಗಳಿಗೆ ಸುಗ್ಗಿ. ಮಳೆ ರಸ್ತೆಯ ಡಾಂಬರು ಕಿತ್ತು ಗುಂಡಿ ಮಾಡಿ ಹೋಗಿರುತ್ತದೆ. ಹಬ್ಬ ಗಾಡಿಗಳ ಮೇಲೆ ಹೊರೆ ಹೇರುತ್ತದೆ. ಇವೆರಡರ ನಡುವೆ ಸಿಕ್ಕಿ ಮುರಿಯುವುದು ಸ್ಪ್ರಿಂಗು. ಮುಖ್ಯ ರಸ್ತೆಯಿಂದ ಬಿಂದಾಪುರದ ಕಡೆ ಒಳಗೆ ನಡೆದರೆ ಒಂದು ಗಲ್ಲಿಯ ಬಾಯಲ್ಲಿ ತಗಡಿನ ಮಾಡು, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಬಳಿದ ಹಿಂದಿ ಅಕ್ಷರಗಳು: ಶಾಕರ್, ಕಮಾನಿ, ಮೋಟರ್, ಚಾರ್ಜರ್. ನಮ್ಮ ಊರಿನ ಗ್ಯಾರೇಜುಗಳಲ್ಲಿ ಶಾಕಬ್ಸರ್ ಎನ್ನುವುದಕ್ಕೆ ಇಲ್ಲಿ ಶಾಕರ್ ಎನ್ನುತ್ತಾರೆ. ಪಟ್ಟಿ ಸ್ಪ್ರಿಂಗಿಗೆ ಕಮಾನಿ. ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಕರೆಯುವುದು ಉಸ್ತಾದ್ ಎಂದು. ಹದಿನೇಳು ಹದಿನೆಂಟರ ಇಬ್ಬರು ಹುಡುಗರು ಅವನ ಕೈಕೆಳಗೆ.

ಅಂದು ಅಲ್ಲಿ ನಿಂತಿದ್ದುದು ಹಸಿರು ಗಾಡಿ. ಚಾಲಕ ಸಮಸ್ತಿಪುರದ ಕಡೆಯವನು. ಅವನ ದೂರು ಒಂದೇ ಮಾತಿನದು: ‘ಬೈಠ್ ಜಾತೀ ಹೈ, ಉಸ್ತಾದ್‌ಜಿ.’ ಆರು ಜನ ಕೂತರೆ ಗಾಡಿ ಕುಳಿತುಬಿಡುತ್ತದೆ, ಸಣ್ಣ ಗುಂಡಿಗೂ ಬಾಡಿ ಅಚ್ಚಿಗೆ ಬಡಿಯುತ್ತದೆ.

ಕೆಲಸ ಶುರುವಾಗುವುದು ಬ್ಯಾಟರಿ ಇಳಿಸುವುದರಿಂದ. ಸೀಟಿನ ಹಲಗೆ ಎತ್ತಿದರೆ ಕೆಳಗೆ ಸಾಲಾಗಿ ನಾಲ್ಕು ಸೀಸದ ಬ್ಯಾಟರಿಗಳು, ತಲಾ 12 ವೋಲ್ಟು, ಸರಣಿಯಲ್ಲಿ 48. ಒಂದೊಂದನ್ನೂ ಹಗ್ಗದ ಹಿಡಿಯಿಂದ ಎತ್ತಿ, ಮೊಣಕಾಲಿಗೆ ಆನಿಸಿಕೊಂಡು, ಹುಡುಗರು ಗೋಡೆಯ ಪಕ್ಕ ಇಡುತ್ತಾರೆ. ನಾಲ್ಕೂ ಸೇರಿ ನೂರು ಕೆ.ಜಿ.ಯ ಆಸುಪಾಸು. ಇವನ್ನು ಇಳಿಸದೆ ಮುಂದಿನ ಹೆಜ್ಜೆ ಇಡುವಂತಿಲ್ಲ, ಏಕೆಂದರೆ ಮುಂದಿನ ಹೆಜ್ಜೆ ಗಾಡಿಯನ್ನೇ ಮಗ್ಗುಲಿಗೆ ಮಲಗಿಸುವುದು. ಒಳಗೆ ಬ್ಯಾಟರಿ ಇದ್ದರೆ ಆಸಿಡ್ ಚೆಲ್ಲುತ್ತದೆ. ಜಾಕಿಯ ಗೊಡವೆಯೇ ಇಲ್ಲ. ನೆಲಕ್ಕೆ ಎರಡು ಹಳೆಯ ಟೈರು ಹಾಕಿ, ಮೂವರು ಒಂದು ಕಡೆ ಕೈಕೊಟ್ಟು ‘ಹೈಸ್ಸಾ’ ಎಂದು ನೂಕಿದರೆ ಗಾಡಿ ಮೆಲ್ಲಗೆ ಒರಗಿ ಟೈರಿನ ಮೇಲೆ ಮಲಗಿತು. ಹೊಟ್ಟೆಯೆಲ್ಲ ಬಯಲು. ಅಚ್ಚಿನ ನಡುವೆ ಡಿಫರೆನ್ಷಿಯಲ್, ಅದಕ್ಕೆ ಅಂಟಿಕೊಂಡೇ ಮೋಟರು, ಅಕ್ಕಪಕ್ಕ ಒಂದೊಂದು ಕಮಾನಿ.

ಉಸ್ತಾದ್ ಪಾನ ಹಿಡಿದು ಯು-ಬೋಲ್ಟುಗಳ ನೆಟ್ಟು ಬಿಚ್ಚಿದ. ಕೆಸರು ಗಟ್ಟಿಯಾಗಿ ನೆಟ್ಟು ಜಗ್ಗದು; ಡೀಸೆಲ್ ಸುರಿದು, ಪಾನದ ಹಿಡಿಗೆ ಉದ್ದ ಪೈಪು ಸಿಕ್ಕಿಸಿ ತುಳಿದ. ಕಮಾನಿ ಕೈಗೆ ಬಂತು. ಐದು ಪಟ್ಟಿಯದು. ಎಲ್ಲಕ್ಕಿಂತ ಮೇಲಿನ ಉದ್ದ ಪಟ್ಟಿಯ ಎರಡು ತುದಿಯಲ್ಲಿ ಸುರುಳಿ, ಸುರುಳಿಯೊಳಗೆ ರಬ್ಬರ್ ಬುಷ್; ಕೆಳಕ್ಕೆ ಇಳಿದಂತೆ ಪಟ್ಟಿಗಳು ಗಿಡ್ಡವಾಗುತ್ತ ಹೋಗುತ್ತವೆ. ನಡುವಿನ ಬೋಲ್ಟು ಬಿಚ್ಚಿದೊಡನೆ ಮೂರನೆಯ ಪಟ್ಟಿ ಎರಡು ತುಂಡಾಗಿ ಕಳಚಿ ಬಿತ್ತು. ಮುರಿದದ್ದು ಬೋಲ್ಟಿಗಾಗಿ ಕೊರೆದ ತೂತಿನಲ್ಲೇ.

ಉಸ್ತಾದ್ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದ. ಮುರಿದ ಅಂಚಿನ ಒಂದು ಭಾಗ ತುಕ್ಕು ಹಿಡಿದು ಕಪ್ಪು, ಮೇಲೆ ಅಲೆಅಲೆಯಾದ ಗೆರೆ. ಇನ್ನೊಂದು ಭಾಗ ಬೆಳ್ಳಿಯಂತೆ ಹೊಳೆಯುವ ಹರಳು ಹರಳು. ‘ಇದು ನಿನ್ನೆ ಮುರಿದದ್ದು,’ ಎಂದು ಹೊಳೆಯುವ ಕಡೆ ಬೆರಳಿಟ್ಟ. ಕಪ್ಪು ಕಡೆ ಬೆರಳು ಸರಿಸಿ, ‘ಇದು ಹೋಳಿ ಹಬ್ಬದಿಂದಲೂ ಮುರಿಯುತ್ತಾ ಇದ್ದದ್ದು.’ ಲೋಹಶಾಸ್ತ್ರದ ಪುಸ್ತಕ ಆಯಾಸಮುರಿತ ಎಂದು ನಾಲ್ಕು ಪುಟ ಬರೆಯುವುದನ್ನು ಅವನು ಎರಡು ಬೆರಳಲ್ಲಿ ಮುಗಿಸಿದ. ಪ್ರತಿ ಗುಂಡಿಗೂ ಪಟ್ಟಿ ಬಗ್ಗಿ ನೆಟ್ಟಗಾಗುತ್ತದೆ. ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ದಿನಕ್ಕಿಷ್ಟು ಬೆಳೆದು, ಉಳಿದ ಉಕ್ಕಿಗೆ ಹೊರೆ ತಾಳಲಾಗದ ದಿನ ಫಟ್ಟೆಂದು ತುಂಡಾಗುತ್ತದೆ.

‘ಎರಡು ಪಟ್ಟಿ ಜಾಸ್ತಿ ಹಾಕಿಬಿಡಿ ಉಸ್ತಾದ್‌ಜಿ. ಮಜಬೂತ್ ಆಗಲಿ,’ ಅಂದ ಚಾಲಕ.

ಇ-ರಿಕ್ಷಾದ ಸಸ್ಪೆನ್ಷನ್ ಸುಧಾರಣೆ ಎಂದರೆ ದೆಹಲಿಯಲ್ಲಿ ನೂರಕ್ಕೆ ತೊಂಬತ್ತು ಸಲ ಇದೇ. ಐದು ಇದ್ದದ್ದು ಏಳಾಗುತ್ತದೆ. ಹೆಚ್ಚುವರಿ ಪಟ್ಟಿ ಎಲ್ಲಿಂದ ಬರುತ್ತದೆ ಎಂದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಮಾಯಾಪುರಿಯ ಗುಜರಿಯಿಂದ. ಮಾರುತಿ ಓಮ್ನಿ ವ್ಯಾನಿನ ಹಿಂಬದಿಗೂ ಪಟ್ಟಿ ಸ್ಪ್ರಿಂಗೇ ಇತ್ತು. ವ್ಯಾನು ಸತ್ತ ಮೇಲೂ ಅದರ ಕಮಾನಿ ಸಾಯುವುದಿಲ್ಲ. ಉದ್ದಕ್ಕೆ ತಕ್ಕಂತೆ ಕತ್ತರಿಸಿ ಕೂರಿಸುತ್ತಾರೆ. ಇಲ್ಲಿ ಒಳ್ಳೆಯ ಮೆಕ್ಯಾನಿಕ್ಕಿಗೂ ಕಳಪೆಯವನಿಗೂ ವ್ಯತ್ಯಾಸ ಕಾಣುತ್ತದೆ. ಅವಸರದವನು ಗ್ಯಾಸ್ ಕಟರಿನಿಂದ ಕತ್ತರಿಸುತ್ತಾನೆ. ಕೆಂಪಗೆ ಕಾದ ಕಡೆ ಉಕ್ಕಿನ ಹದ ಹೋಗಿ, ಅಲ್ಲೇ ಮುಂದೊಂದು ದಿನ ಮುರಿಯುತ್ತದೆ. ಈ ಉಸ್ತಾದ್ ಗ್ರೈಂಡರಿನ ತೆಳ್ಳನೆಯ ಬಿಲ್ಲೆ ಹಿಡಿದು, ನಡುನಡುವೆ ನೀರು ಚಿಮುಕಿಸುತ್ತ, ಬೀಡಿ ಸೇದುವಷ್ಟು ಹೊತ್ತು ತೆಗೆದುಕೊಂಡ. ಕತ್ತರಿಸಿದ ಅಂಚನ್ನು ಬರಿಗೈಯಲ್ಲಿ ಮುಟ್ಟಿ ನೋಡಿದ. ಬಿಸಿ ಇರಲಿಲ್ಲ.

ಲೆಕ್ಕ ಸರಳ. ಒಂದೇ ದಪ್ಪದ ಪಟ್ಟಿಗಳಾದರೆ ಸ್ಪ್ರಿಂಗಿನ ಗಡಸುತನ ಪಟ್ಟಿಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಐದು ಏಳಾದರೆ ಶೇ 40 ಹೆಚ್ಚು. ದಪ್ಪದ ಪಟ್ಟಿ ಹಾಕಿದರೆ ಕೇಳುವುದೇ ಬೇಡ, ಗಡಸುತನ ದಪ್ಪದ ಘನಕ್ಕೆ ಏರುತ್ತದೆ. ಎರಡರಷ್ಟು ದಪ್ಪ, ಎಂಟರಷ್ಟು ಗಡುಸು. ಆರು ಜನ ಕೂತಾಗ ಗಾಡಿ ಇನ್ನು ಕೂರುವುದಿಲ್ಲ, ಸರಿ. ಆದರೆ ಇಬ್ಬರೇ ಇದ್ದಾಗ? ಮಧ್ಯಾಹ್ನದ ಹೊತ್ತು ಖಾಲಿ ಓಡುವಾಗ? ಆಗ ಪಟ್ಟಿ ಬಗ್ಗುವುದೇ ಇಲ್ಲ. ಗಾಲಿ ಏನೇನು ಕಂಡಿತೋ ಅದನ್ನೆಲ್ಲ ಸೀಟು ಕಾಣುತ್ತದೆ.

ಕಾನೂನಿನ ಪ್ರಕಾರ ಆರು ಜನರ ಪ್ರಶ್ನೆಯೇ ಏಳಬಾರದು. 2014ರ ಜುಲೈ 31ರಂದು ದೆಹಲಿ ಹೈಕೋರ್ಟ್ ಇ-ರಿಕ್ಷಾಗಳನ್ನು ರಸ್ತೆಯಿಂದ ಇಳಿಸಿತ್ತು. ಅದೇ ವರ್ಷ ಕೇಂದ್ರ ನಿಯಮ ರೂಪಿಸಿ, 2015ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ಮತ್ತೆ ಹತ್ತಿಸಿತು. ಚಾಲಕನಲ್ಲದೆ ನಾಲ್ಕು ಜನ, 40 ಕೆ.ಜಿ. ಸಾಮಾನು, ಗಂಟೆಗೆ 25 ಕಿ.ಮೀ. ವೇಗದ ಮಿತಿ. ಸರಕಿನ ಇ-ಕಾರ್ಟ್ ಆದರೆ 310 ಕೆ.ಜಿ. ಈ ಪಕ್ಕದ ಮಾನೇಸರಿನ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವುದು ಈ ನಾಲ್ಕು ಜನರ ಲೆಕ್ಕಕ್ಕೆ. ಕಂಪನಿಯ ಐದು ಪಟ್ಟಿಯೂ ನಾಲ್ಕು ಜನರಿಗೇ. ಆದರೆ ನಾಲ್ಕು ಜನರ ಬಾಡಿಗೆಯಲ್ಲಿ ಗಾಡಿಯ ದಿನದ ಕಂತು, ಚಾರ್ಜಿಂಗಿನ ದುಡ್ಡು, ಸಮಸ್ತಿಪುರಕ್ಕೆ ಕಳಿಸುವ ದುಡ್ಡು ಮೂರೂ ಹುಟ್ಟುವುದಿಲ್ಲ ಎನ್ನುತ್ತಾನೆ ಚಾಲಕ. ಹೆಚ್ಚುವರಿ ಎರಡು ಪಟ್ಟಿಗಳು ಹೊರುವುದು ಹೆಚ್ಚುವರಿ ಇಬ್ಬರನ್ನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಬೇಡಿ ಎನ್ನುತ್ತದೆ. ಆ ಸೆಕ್ಷನ್ನಿನ ಗಾಳಿ ಈ ಗಲ್ಲಿಗೆ ಬೀಸಿದಂತೆ ಕಾಣಲಿಲ್ಲ.

ಸ್ಪ್ರಿಂಗು ಗಡುಸಾದರೆ ಎತ್ತಿ ಹಾಕುತ್ತದೆ, ಮೆದುವಾದರೆ ತೂಗಾಡಿಸುತ್ತದೆ. ತೂಗಾಟ ನಿಲ್ಲಿಸಲು ಬೇಕಾದದ್ದು ಡ್ಯಾಂಪರ್. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಅರೆ ಮುಚ್ಚಿ ಹಿಡಿ ಒತ್ತಿದಾಗ ಕೈಗೆ ತಿಳಿಯುವ ಆ ಪ್ರತಿರೋಧವೇ ಡ್ಯಾಂಪರಿನ ಕೆಲಸ. ಇಲ್ಲಿ ಗಾಳಿಯ ಬದಲು ಎಣ್ಣೆ, ಬೆರಳಿನ ಬದಲು ಸಣ್ಣ ರಂಧ್ರ. ಕಡಿಮೆ ಬೆಲೆಯ ಇ-ರಿಕ್ಷಾಗಳ ಹಿಂಬದಿಯಲ್ಲಿ ಈ ಡ್ಯಾಂಪರ್ ಎಷ್ಟೋ ಸಲ ಇರುವುದೇ ಇಲ್ಲ. ಪಟ್ಟಿಗೆ ಪಟ್ಟಿ ಉಜ್ಜುವ ಘರ್ಷಣೆಯೇ ಅಲ್ಲಿನ ಡ್ಯಾಂಪರ್. ಅದಕ್ಕೇ ಉಸ್ತಾದ್ ಪಟ್ಟಿಗಳ ನಡುವೆ ಗ್ರೀಸು ತೆಳ್ಳಗೆ, ಬಟ್ಟೆಯಲ್ಲಿ ಒರೆಸಿದಂತೆ ಹಚ್ಚುತ್ತಾನೆ. ಜಾಸ್ತಿ ಹಚ್ಚಿದರೆ ಗಾಡಿ ಕುಣಿಯುತ್ತದೆ, ಹಚ್ಚದಿದ್ದರೆ ಕಿರುಗುಟ್ಟಿ ತುಕ್ಕು ಹಿಡಿಯುತ್ತದೆ.

ಇನ್ನೊಂದು ತೊಂದರೆ ವಿನ್ಯಾಸದ್ದೇ. ಮೋಟರು, ಡಿಫರೆನ್ಷಿಯಲ್, ಅಚ್ಚು, ಗಾಲಿ ಎಲ್ಲ ಸೇರಿ ಸ್ಪ್ರಿಂಗಿನ ಕೆಳಗಿವೆ. ಗುಂಡಿಗೆ ಬಿದ್ದಾಗ ಗಾಲಿಯೊಂದೇ ಹಾರಿದರೆ ಸ್ಪ್ರಿಂಗು ಸುಲಭವಾಗಿ ಸುಧಾರಿಸುತ್ತದೆ. ಇಡೀ ಮೋಟರೇ ಜೊತೆಗೆ ಹಾರಿ ಬಿದ್ದರೆ ಆ ಪೆಟ್ಟನ್ನು ನುಂಗುವುದು ಯಾವ ಪಟ್ಟಿಗೂ ಕಷ್ಟ. ಹಿಂದಿನ ಸೀಟು ಇರುವುದೂ ಸರಿಯಾಗಿ ಆ ಅಚ್ಚಿನ ನೆತ್ತಿಯ ಮೇಲೆ.

ಉಸ್ತಾದ್ ಏಳು ಪಟ್ಟಿಯ ಕಮಾನಿ ಕಟ್ಟಿ ಮುಗಿಸುವಷ್ಟರಲ್ಲಿ ಹುಡುಗರು ಮುಂಬದಿಯ ಫೋರ್ಕು ಬಿಚ್ಚಿದ್ದರು. ಸೀಲು ಹರಿದು ಎಣ್ಣೆಯೆಲ್ಲ ಸೋರಿ, ಕೊಳವೆಯ ಮೇಲೆ ದೆಹಲಿಯ ಧೂಳು ಅಂಟಿ ಕರಿ ಪೇಸ್ಟು. ತಿರುಗಿಸಿ ನೋಡಿದರೆ ಕೊಳವೆಯ ಒಂದು ಮಗ್ಗುಲು ಮಾತ್ರ ಸವೆದಿತ್ತು, ಕ್ರೋಮು ಹೋಗಿ ಉಕ್ಕು ಕಾಣುವಷ್ಟು.

ಮೋಟರ್ ಸೈಕಲ್ಲಿನಲ್ಲಿ ಹೀಗೆ ಸವೆಯುವುದು ಅಪರೂಪ. ಬೈಕು ತಿರುವಿನಲ್ಲಿ ವಾಲುತ್ತದೆ. ವಾಲಿದಾಗ ಭಾರವೆಲ್ಲ ಫೋರ್ಕಿನ ಉದ್ದಕ್ಕೇ ಇಳಿಯುತ್ತದೆ. ಮೂರು ಗಾಲಿಯ ಗಾಡಿ ವಾಲುವುದಿಲ್ಲ. ತಿರುವಿನಲ್ಲಿ ಅದರ ಮುಂಗಾಲಿಯನ್ನು ರಸ್ತೆ ಪಕ್ಕಕ್ಕೆ ತಳ್ಳುತ್ತದೆ, ಆ ತಳ್ಳು ಎರಡು ಬಡಕಲು ಕೊಳವೆಗಳನ್ನು ಬಗ್ಗಿಸಲು ನೋಡುತ್ತದೆ. ಮೇಲೆ ಕೆಳಗೆ ಜಾರಲೆಂದು ಮಾಡಿದ ಕೊಳವೆಗೆ ಅಡ್ಡ ಬಗ್ಗುವ ಶಿಕ್ಷೆ. ಅದಕ್ಕೇ ಈ ಗಲ್ಲಿಯ ಎರಡನೇ ಸುಧಾರಣೆ ದಪ್ಪ ಫೋರ್ಕು. 33 ಮಿ.ಮೀ. ಕೊಳವೆ ತೆಗೆದು 43 ಮಿ.ಮೀ.ಯದು ಹಾಕುತ್ತಾರೆ. ಹತ್ತು ಮಿ.ಮೀ. ಏನು ಮಹಾ ಅನ್ನಿಸಬಹುದು. ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದರೂ ಬಗ್ಗದಿರುವ ಶಕ್ತಿ ಎರಡು ಪಟ್ಟು ಮೀರುತ್ತದೆ. ನನ್ನ ಮಟ್ಟಿಗೆ ಪ್ರಯಾಣಿಕರ ಗಾಡಿಗೆ ಮಾಡುವ ಸುಧಾರಣೆಗಳಲ್ಲಿ ಕೊಟ್ಟ ದುಡ್ಡಿಗೆ ಸರಿಯಾದ ಕೆಲಸ ಇದೊಂದೇ. ಒಳಗೆ ಎಣ್ಣೆ ಇರುವ, ಡ್ಯಾಂಪರ್ ಇರುವ ಫೋರ್ಕು ಹಾಕಿಸಿದವನ ಅಂಗೈ, ಭುಜ ಎರಡೂ ಉಳಿಯುತ್ತವೆ.

ಮೂರು ಗಾಲಿಯ ಇನ್ನೊಂದು ಕರ್ಮವನ್ನು ಚಾಲಕನೇ ಹೇಳಿದ. ಬೈಕಿನವನಿಗೆ ರಸ್ತೆಯಲ್ಲಿ ಒಂದು ಗೆರೆ ಸಿಕ್ಕರೆ ಸಾಕು, ಗುಂಡಿಯ ಪಕ್ಕದಲ್ಲಿ ನುಸುಳುತ್ತಾನೆ. ಕಾರಿನವನಿಗೆ ಎರಡು ಗೆರೆ. ಗುಂಡಿಯನ್ನು ಗಾಲಿಗಳ ನಡುವೆ ಬಿಟ್ಟು ದಾಟಿಸುತ್ತಾನೆ. ಇವನಿಗೆ ಮೂರು. ಇ-ರಿಕ್ಷಾದ ಅಗಲ ಒಂದು ಮೀಟರ್ ಮೀರುವಂತಿಲ್ಲವಾದ್ದರಿಂದ ಮೂರು ಗೆರೆಗಳೂ ಒತ್ತೊತ್ತಾಗಿವೆ. ಮುಂಗಾಲಿ ಉಳಿಸಿದರೆ ಎಡ ಹಿಂಗಾಲಿ ಬೀಳುತ್ತದೆ, ಅದನ್ನು ಉಳಿಸಿದರೆ ಮುಂದಿನದು. ‘ಯಾವುದನ್ನು ಬೀಳಿಸುತ್ತೀಯ?’ ಎಂದು ಕೇಳಿದೆ. ಅವನು ನಕ್ಕ. ‘ಹಿಂದಿನದು ಬಾಬೂಜಿ. ಮುಂದೆ ನಾನಿದ್ದೀನಲ್ಲ.’

ರಸ್ತೆ ಉಬ್ಬುಗಳ ಕಥೆ ಇದಕ್ಕಿಂತ ಸೊಗಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಉಬ್ಬು ಹೇಗಿರಬೇಕು ಎಂದು ಬರೆದಿಟ್ಟಿದೆ: 3.7 ಮೀಟರ್ ಅಗಲ, ಹತ್ತು ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಬಾಗು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ನೆಮ್ಮದಿಯಾಗಿ ದಾಟಬೇಕೆಂದು ಈ ಲೆಕ್ಕ. ಇ-ರಿಕ್ಷಾದ ಪರಮ ವೇಗವೂ ಅಷ್ಟೇ! ಅಂದರೆ ಪುಸ್ತಕದ ಪ್ರಕಾರ ಕಟ್ಟಿದ ಉಬ್ಬಿಗೆ ಇ-ರಿಕ್ಷಾ ವೇಗ ತಗ್ಗಿಸಲೂ ಬೇಕಿಲ್ಲ. ಬಿಂದಾಪುರದ ಗಲ್ಲಿಗಳಲ್ಲಿ ಉಬ್ಬು ಕಟ್ಟುವವರು ಇಂಥ ಪುಸ್ತಕ ಓದಿದವರಲ್ಲ. ಮನೆ ಕಟ್ಟಿ ಉಳಿದ ಕಾಂಕ್ರೀಟಿನಿಂದ ರಸ್ತೆಗೆ ಅಡ್ಡಲಾಗಿ ಒಂದು ಗೇಣು ಅಗಲಕ್ಕೆ ದಿಂಡು ಕಟ್ಟುತ್ತಾರೆ. ಗಾಡಿಗಳು ಅದನ್ನು ಹತ್ತಿ ಇಳಿಯುವುದಿಲ್ಲ, ಎಡವುತ್ತವೆ.

ಮೋಟರ್ ಸೈಕಲ್ಲಿಗೆ ಗಾಡಿ ಕಟ್ಟುವ ಚಾಳಿ ದೆಹಲಿಗೆ ಹೊಸದಲ್ಲ. ಕನಾಟ್ ಪ್ಲೇಸಿನಿಂದ ಚಾಂದನಿ ಚೌಕದ ಫವಾರಾ ತನಕ ದಶಕಗಳ ಕಾಲ ಓಡಿದ ಫಟ್‌ಫಟಿಯನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಎರಡನೇ ಮಹಾಯುದ್ಧ ಮುಗಿದಾಗ ಸೇನೆಯ ಹಾರ್ಲೆ-ಡೇವಿಡ್‌ಸನ್ ಬೈಕುಗಳು ಇಲ್ಲಿ ಮಾರಾಟಕ್ಕೆ ಬಿದ್ದವು. ಡಬ್ಲ್ಯುಎಲ್ಎ ಎಂಬ ಮಾದರಿ, 740 ಸಿಸಿಯ ಎರಡು ಸಿಲಿಂಡರ್, ಕೈಯಲ್ಲಿ ಗೇರು, ಕಾಲಲ್ಲಿ ಕ್ಲಚ್ಚು. ಆ ಬೈಕಿನ ಹಿಂಬದಿ ಕತ್ತರಿಸಿ, ಎರಡು ಗಾಲಿಯ ಗಾಡಿ ಬೆಸೆದು, ಮೇಲೆ ಮಾಡು ಹೊದಿಸಿದರು. ದೇಶವಿಭಜನೆಯ ನಂತರ ಪಂಜಾಬಿನಿಂದ ಬಂದ ಸಿಖ್ಖರ ಪಾಲಿಗೆ ಅದು ಹೊಟ್ಟೆಪಾಡಾಯಿತು.

ಸಸ್ಪೆನ್ಷನ್ ದೃಷ್ಟಿಯಿಂದ ಆ ಮುದಿ ಗಾಡಿ ಇಂದಿನ ಇ-ರಿಕ್ಷಾಗಿಂತ ಒಂದು ವಿಷಯದಲ್ಲಿ ಮೇಲಿತ್ತು. ಹಾರ್ಲೆಯ ಮುಂದಿನ ಫೋರ್ಕು ಜಾರುವ ಕೊಳವೆಗಳದಲ್ಲ. ಗಟ್ಟಿಯಾದ ಜೋಡಿ ಕಾಲುಗಳು, ತುದಿಯಲ್ಲಿ ಪುಟ್ಟ ತೋಳುಗಳು, ಮೇಲೆ ಬಯಲಿಗೇ ಕಾಣುವ ಸುರುಳಿ ಸ್ಪ್ರಿಂಗುಗಳು. ಗಾಲಿ ಹಿಡಿದ ತೋಳು ಮುಂದಕ್ಕೆ ಚಾಚಿಕೊಂಡಿರುವ ಈ ಬಗೆಯ ಫೋರ್ಕಿಗೆ ಅಡ್ಡ ತಳ್ಳು ಅಷ್ಟಾಗಿ ತಟ್ಟದು. ಹಿಂಬದಿಗೆ ಆ ಬೈಕಿನಲ್ಲಿ ಸ್ಪ್ರಿಂಗೇ ಇರಲಿಲ್ಲ. ಸವಾರನ ಸೀಟಿನ ಕಂಬದೊಳಗೆ ಒಂದು ಸ್ಪ್ರಿಂಗು ಇಟ್ಟು ಕಂಪನಿ ಕೈತೊಳೆದುಕೊಂಡಿತ್ತು. ಸರ್ದಾರ್‌ಜಿ ಸುಖವಾಗಿ ತೇಲುತ್ತ ಕೂತಿದ್ದರೆ ಹಿಂದಿನವರ ಗತಿ ಗಾಡಿ ಬೆಸೆದ ಕಮ್ಮಾರನ ಕೈಗುಣ. ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹಳೆಯ ವಾಣಿಜ್ಯ ವಾಹನಗಳಿಗೆ ಗಡುವು ಕೊಟ್ಟ ಮೇಲೆ ಫಟ್‌ಫಟಿಗಳು ಮರೆಯಾದವು. ಮುಂದೆ ಅದೇ ಹಾರ್ಲೆ ಕಂಪನಿ ದೆಹಲಿಯ ಆಚೆ ಹರಿಯಾಣದ ಬಾವಲ್‌ನಲ್ಲಿ 2011ರಲ್ಲಿ ಬೈಕು ಜೋಡಿಸಲು ಶುರು ಮಾಡಿ 2020ರಲ್ಲಿ ಮುಚ್ಚಿಕೊಂಡು ಹೋಯಿತು. ಚಾಂದನಿ ಚೌಕದ ಬಡಪಾಯಿ ಫಟ್‌ಫಟಿ ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಬಾಳಿತು.

ಹೊರದೇಶಗಳಲ್ಲಿ ಮೂರು ಗಾಲಿಯ ಗಾಡಿಯ ಈ ಫೋರ್ಕಿನ ಸಮಸ್ಯೆಗೆ ಉತ್ತರ ಹುಡುಕಿದವರು ಸೈಡ್‌ಕಾರಿನವರು. ಬಂಡೆಗಳ ಊರು ರಾಮನಗರದಲ್ಲಿ ಚಿತ್ರೀಕರಣವಾದ ‘ಶೋಲೆ’ಯ ಆ ಜೋಡಿ ಸವಾರಿಯನ್ನು ನೋಡಿದವರಿಗೆ ಸೈಡ್‌ಕಾರ್ ಎಂದರೆ ಹೇಳಬೇಕಿಲ್ಲ. ಬೈಕಿನ ಪಕ್ಕಕ್ಕೆ ಮೂರನೇ ಗಾಲಿ ಕಟ್ಟಿದೊಡನೆ ಹ್ಯಾಂಡಲ್ ಕಲ್ಲಿನಂತೆ ಭಾರವಾಗುತ್ತದೆ. ಎರಡು ಗಾಲಿಯಲ್ಲಿ ನೇರ ಓಡಲು ನೆರವಾಗುವ ಮುಂಗಾಲಿಯ ಕೋನವೇ ಮೂರು ಗಾಲಿಯಲ್ಲಿ ತಿರುವಿಗೆ ಅಡ್ಡಿ. ಬಿಎಂಡಬ್ಲ್ಯು ಕಂಪನಿ 1955ರಿಂದ 1969ರ ತನಕ ತನ್ನ ಬೈಕುಗಳಿಗೆ ಅರ್ಲ್ಸ್ ಫೋರ್ಕ್ ಎಂಬ ತೋಳಿನ ಫೋರ್ಕು ಹಾಕಿತು. ಸೈಡ್‌ಕಾರ್ ಕಟ್ಟುವವರು ತೋಳಿನ ಕೀಲನ್ನು ಬೇರೆ ತೂತಿಗೆ ಬದಲಿಸಿಕೊಂಡರೆ ಹ್ಯಾಂಡಲ್ ಹಗುರವಾಗುತ್ತಿತ್ತು. ರಷ್ಯಾದ ಉರಾಲ್ ಸೈಡ್‌ಕಾರ್ ಬೈಕುಗಳೂ ಇದೇ ದಾರಿ ಹಿಡಿದವು. ಅಮೆರಿಕದಲ್ಲಿ ಹಾರ್ಲೆಯೇ 1932ರಿಂದ 1973ರವರೆಗೆ ಸರ್ವಿ-ಕಾರ್ ಹೆಸರಿನ ಮೂರು ಗಾಲಿಯ ಬೈಕು ಮಾಡುತ್ತಿತ್ತು, ಪೊಲೀಸರಿಗೆ ಅಚ್ಚುಮೆಚ್ಚು. ಇ-ರಿಕ್ಷಾ ಮಾಡುವವರು ಇದ್ಯಾವುದನ್ನೂ ತಿರುಗಿ ನೋಡದೆ ಅಗ್ಗಕ್ಕೆ ಸಿಗುವ ಬೈಕಿನ ಫೋರ್ಕನ್ನೇ ಸಿಕ್ಕಿಸಿಬಿಟ್ಟರು. 25 ಕಿ.ಮೀ. ವೇಗಕ್ಕೆ ಅದು ನಡೆದುಹೋಗುತ್ತದೆ ಎಂಬುದೂ ನಿಜವೇ.

ನಮ್ಮ ಬೆಂಗಳೂರಿನಲ್ಲಿ 2018ರ ನವೆಂಬರ್‌ನಲ್ಲಿ ಮಹೀಂದ್ರ ಟ್ರಿಯೊ ಬಿಡುಗಡೆಯಾದಾಗ ಅದರ ಮುಂಗಾಲಿಗೆ ಸುರುಳಿ ಸ್ಪ್ರಿಂಗು, ಹೈಡ್ರಾಲಿಕ್ ಡ್ಯಾಂಪರ್ ಕೊಟ್ಟಿದ್ದರು. ಹಿಂದೆ ಮಾತ್ರ ಪಟ್ಟಿ ಸ್ಪ್ರಿಂಗೇ. ಅಂಥ ಗಾಡಿಯ ಬೆಲೆ ಸೀಸದ ಬ್ಯಾಟರಿಯ ಈ ಹಸಿರು ಗಾಡಿಗಿಂತ ಬಹಳ ಹೆಚ್ಚು. ಉತ್ತಮ್ ನಗರದಲ್ಲಿ ಕಂತಿಗೆ ಗಾಡಿ ಕೊಳ್ಳುವವನು ಸಸ್ಪೆನ್ಷನ್ ನೋಡಿ ಕೊಳ್ಳುವುದಿಲ್ಲ.

ಹಾಗೆಂದು ಯಾರಿಗೂ ಮೆತ್ತನೆಯ ಗಾಡಿ ಬೇಡವೆಂದಲ್ಲ. ಹಸಿರು ಗಾಡಿ ಎದ್ದು ನಿಲ್ಲುವ ಹೊತ್ತಿಗೆ ಇನ್ನೊಂದು ಬಂತು. ಸೀಟಿಲ್ಲದ, ಹಿಂದೆ ತಗಡಿನ ತೊಟ್ಟಿ ಇರುವ ಇ-ಕಾರ್ಟ್. ತಂದವನು ಪಕ್ಕದ ಕುಮ್ಹಾರ್ ಗ್ರಾಮದವನು. ರಾಜಸ್ಥಾನ, ಹರಿಯಾಣಗಳಿಂದ ಬಂದು ನೆಲೆ ನಿಂತ ನೂರಾರು ಕುಂಬಾರ ಕುಟುಂಬಗಳ ಕಾಲೊನಿ ಅದು. ದೀಪಾವಳಿಯ ಹಿಂದಿನ ವಾರಗಳಲ್ಲಿ ಅಲ್ಲಿ ಮಾಳಿಗೆಯ ಮೇಲೆ, ಗಲ್ಲಿಯ ಅಂಚಿಗೆ, ಮೆಟ್ಟಿಲ ಮೇಲೆ ಎಲ್ಲೆಲ್ಲೂ ಹಣತೆ, ಮಡಕೆ, ಹೂಜಿ. ಅವನ ಮಾತು ಚಾಲಕನ ಮಾತಿಗೆ ತದ್ವಿರುದ್ಧ. ಕಂಪನಿಯವರು ಹಾಕಿದ ಪಟ್ಟಿಯೇ ಅವನಿಗೆ ಜಾಸ್ತಿ. ‘ಒಂದು ಪಟ್ಟಿ ತೆಗೆದುಬಿಡಿ ಉಸ್ತಾದ್‌ಜಿ. ನನ್ನ ಮಾಲು ಭಾರವಿಲ್ಲ, ಒಡೆಯುತ್ತದೆ ಅಷ್ಟೆ.’

ಉಸ್ತಾದ್ ಪಟ್ಟಿ ತೆಗೆಯಲು ಒಪ್ಪಲಿಲ್ಲ. ಇವತ್ತು ಹಣತೆ, ನಾಳೆ ಹಸಿ ಮಣ್ಣು ತುಂಬುತ್ತೀಯ, ಆಗ ಗಾಡಿ ಕೂತರೆ ನನ್ನ ಮೇಲೆ ಬರುತ್ತೀಯ ಅಂದ. ಬದಲಿಗೆ ಹಳೆಯ ಸ್ಕೂಟರಿನ ಎರಡು ಶಾಕರ್ ಹುಡುಕಿ ತೆಗೆದ. ಕೈಯಲ್ಲಿ ಒತ್ತಿ ಬಿಟ್ಟು, ಒಳಗಿನ ಎಣ್ಣೆಗೆ ಇನ್ನೂ ಜೀವವಿದೆಯೇ ಎಂದು ನೋಡಿದ. ಒಂದು ಸರ್ರನೆ ವಾಪಸು ಬಂತು. ಅದನ್ನು ಮೂಲೆಗೆ ಎಸೆದ. ಮೆಲ್ಲಗೆ, ಹಟ ಮಾಡುತ್ತ ವಾಪಸು ಬಂದದ್ದಕ್ಕೆ ಜೋಡಿ ಹುಡುಕಿ, ಚಾಸಿಗೂ ಅಚ್ಚಿಗೂ ನಡುವೆ ತುಸು ಓರೆಯಾಗಿ ಬ್ರ್ಯಾಕೆಟ್ಟು ಬೆಸೆದು ಕೂರಿಸಿದ. ಪಟ್ಟಿ ಹೊರೆ ಹೊರಲಿ, ಶಾಕರ್ ಕುಣಿತ ನಿಲ್ಲಿಸಲಿ ಎಂಬ ವ್ಯವಸ್ಥೆ. ಆ ಗಲ್ಲಿಯಲ್ಲಿ ನಾನು ಕಂಡ ನಿಜವಾದ ಸುಧಾರಣೆ ಇದು. ಮಾಡಿಸಿಕೊಂಡದ್ದು ಮಡಕೆಗಳಿಗಾಗಿ. ಮಡಕೆ ಒಡೆದರೆ ನಷ್ಟ ಗಾಡಿಯವನದು. ಸೊಂಟ ಉಳುಕಿದರೆ ನಷ್ಟ ಹತ್ತು ರೂಪಾಯಿ ಕೊಟ್ಟು ಇಳಿದುಹೋದವನದು. ಎಲ್ಲಿ ದುಡ್ಡು ಹಾಕಬೇಕೆಂಬ ಲೆಕ್ಕ ಇಬ್ಬರಿಗೂ ಚೆನ್ನಾಗಿ ಗೊತ್ತು.

ಪ್ರಯಾಣಿಕರ ಗಾಡಿಗೂ ಹಿಂದೆ ಎರಡು ಡ್ಯಾಂಪರ್ ಕಡ್ಡಾಯ ಮಾಡುವುದು ಸರ್ಕಾರಕ್ಕೆ ದೊಡ್ಡ ಕೆಲಸವಲ್ಲ. ವೇಗಕ್ಕೆ, ಅಗಲಕ್ಕೆ, ಮೋಟರಿನ ವಾಟ್‌ಗೆ ನಿಯಮ ಬರೆದವರು ಸೀಟಿನಲ್ಲಿ ಕೂತವರ ಬೆನ್ನೆಲುಬಿಗೂ ಒಂದು ಸಾಲು ಬರೆಯಬಹುದು. ಅದರ ಜೊತೆಗೆ ನಾಲ್ಕೇ ಜನರನ್ನು ಕೂರಿಸಿದರೂ ಹೊಟ್ಟೆ ತುಂಬುವಂಥ ಬಾಡಿಗೆಯೂ ಚಾಲಕರಿಗೆ ಸಿಗಬೇಕು. ಇಲ್ಲವಾದರೆ ಎಂಥ ಸ್ಪ್ರಿಂಗು ಕೊಟ್ಟರೂ ಅದಕ್ಕೆ ಎರಡು ಪಟ್ಟಿ ಸೇರುವುದು ತಪ್ಪದು.

ಅಲ್ಲಿಯತನಕ ದೆಹಲಿಗೆ ಬರುವವರಿಗೆ ಒಂದು ಮಾತು. ಇ-ರಿಕ್ಷಾ ಹತ್ತುವಾಗ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟೇ ಎಲ್ಲರಿಗೂ ಬೇಕು. ಅದು ಅಚ್ಚಿನ ಮೇಲಿನ ಸೀಟು, ಹಿಂಗಾಲಿಯ ಪೆಟ್ಟೆಲ್ಲ ಅಲ್ಲಿಗೇ. ಚಾಲಕನ ಬೆನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡುವ ಸೀಟು ಮುಂದಿನ, ಹಿಂದಿನ ಗಾಲಿಗಳ ನಡುವೆ ಇರುವುದರಿಂದ ಏರಿಳಿತ ಅಲ್ಲಿ ಕಡಿಮೆ. ಬೆನ್ನು ನೋವಿರುವವರು ಅಲ್ಲಿ ಕೂತುಕೊಳ್ಳಿ. ಬಸುರಿ ಹೆಂಗಸರು, ವಯಸ್ಸಾದವರು ಹತ್ತಿದರೆ ಆ ಸೀಟನ್ನು ಅವರಿಗೆ ಬಿಟ್ಟುಕೊಡಿ.